ಮಿಕ್ಸಿಗೆ ಕೈಮುಗಿದವರು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಚಟ್ನಿ ರುಬ್ಬಲು ಮಿಕ್ಸಿಯ ಸ್ವಿಚ್ಚು ಒತ್ತಿದಳು. ಅದು ಟಕ್ ಎಂದದ್ದೇ ತಡ, ಹೊರಗೆ ಕೂತಿದ್ದ ನನ್ನ ಅತ್ತೆ ಕಾಫಿ ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ ಕೈಮುಗಿದರು. ಸೊರಬದಿಂದ ನಾಲ್ಕು ದಿನಕ್ಕೆಂದು ಶಿಕಾರಿಪುರದ ನಮ್ಮ ಮನೆಗೆ ಬಂದವರು. ಹೆಂಡತಿ ನಕ್ಕಳು. ನಾನು ನಗಲಿಲ್ಲ. ಮಿಕ್ಸಿಗೆ ಕೈಮುಗಿಯುವ ಈ ಆಚಾರದ ಮೂಲಪುರುಷ ನಾನೇ.

ನಿಮ್ಮೆದುರು ಹೇಳಲು ನಾಚಿಕೆಯೇನು? ಮದುವೆಯಾದ ಹೊಸತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಳಿಯ ಎಂದು ಸೊರಬದಲ್ಲಿ ನನ್ನ ಉಪ್ಪಿಟ್ಟಿಗೂ ತುಪ್ಪ ಬೀಳುತ್ತಿದ್ದ ಕಾಲ. ಅತ್ತೆಯ ದೇವರ ಕೋಣೆಗೆ ಕಿಟಕಿಯೂ ಇರಲಿಲ್ಲ, ಲೈಟೂ ಇರಲಿಲ್ಲ. "ಕಣ್ಣು ಮಂಜಾಗ್ತಾ ಬಂತು. ಕುಂಕುಮ ದೇವ್ರಿಗೆ ಹಚ್ಚಿದ್ನೋ ಗೋಡೆಗೆ ಹಚ್ಚಿದ್ನೋ ಗೊತ್ತಾಗಲ್ಲ. ಲೈಟಿನೋನಿಗೆ ಹೇಳಿ ಹೇಳಿ ಸಾಕಾಯ್ತು" ಎಂದರು.

"ಅವನ್ಯಾಕೆ ಅತ್ತೆ, ನಾನಿಲ್ವಾ?" ಎಂದೆ. ಮಾತು ಆಡಿದರೆ ಹೋಯ್ತು.

ಅದುವರೆಗೆ ನಾನು ಕಪ್ಪು ಹಲಗೆಯ ಮೇಲಲ್ಲದೆ ಬೇರೆಲ್ಲೂ ಬಲ್ಬು ಉರಿಸಿದವನಲ್ಲ. ಆದರೂ ಪೇಟೆಗೆ ಹೋಗಿ ವೈರು, ಹೋಲ್ಡರು, ಸ್ವಿಚ್ಚು ತಂದೆ. ಗೋಡೆಯ ಆಚೆಗೆ ಅಡುಗೆಮನೆ. ಅಲ್ಲಿ ಮಿಕ್ಸಿಯ ಪ್ಲಗ್ಗು. ಮೇನ್ ಆಫ್ ಮಾಡಿದೆ. ಆಫ್ ಆಗಿದೆಯೇ ಎಂದು ಇನ್ನೂ ಮೂರು ಸಲ ನೋಡಿ ಬಂದೆ. ಬೋರ್ಡು ಬಿಚ್ಚಿ, ಅಲ್ಲಿಂದ ವೈರೆಳೆದು, ಗೋಡೆ ತೂತು ಮಾಡಿ, ದೇವರ ಕೋಣೆಯ ಬಾಗಿಲ ಪಕ್ಕ ಸ್ವಿಚ್ಚು ಕೂರಿಸಿ, ಮೇಲೆ ಜಂತಿಗೆ ಹೋಲ್ಡರು ಬಿಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಒತ್ತಿದೆ. ಹತ್ತಿತು. ಸಂಜೆ ದೀಪ ಹತ್ತಿದಾಗ ಮಾಡುವಂತೆ ಅತ್ತೆ ಬಲ್ಬಿಗೆ ಕೈಮುಗಿದರು. ನನಗೇ ಮುಗಿದಂತಾಯಿತು. ಎರಡು ಹೋಳಿಗೆ ಹೆಚ್ಚೇ ತಿಂದು ಶಿಕಾರಿಪುರದ ಬಸ್ಸು ಹತ್ತಿದೆ.

ಮುಂದಿನ ತಿಂಗಳು ಹೋದಾಗ ಸಂಜೆ ನೋಡುತ್ತೇನೆ, ಅತ್ತೆ ತಡಕಾಡುತ್ತ ಅಡುಗೆಮನೆಗೆ ಹೋಗಿ ಮಿಕ್ಸಿಯ ಸ್ವಿಚ್ಚು ಹಾಕಿದರು. ಬಾಗಿಲ ಪಕ್ಕದ ಸ್ವಿಚ್ಚು ಮೊದಲೇ ಒತ್ತಿಟ್ಟಿದ್ದರಿಂದ ದೇವರ ಕೋಣೆ ಬೆಳಗಿತು. ನನ್ನ ತಪ್ಪು ಆಗ ಹೊಳೆಯಿತು. ಆ ಸ್ವಿಚ್ಚಿಗೆ ಕರೆಂಟು ಬರುವ ಕಡೆಯಿಂದ ಎಳೆಯಬೇಕಾದ ವೈರನ್ನು, ಸ್ವಿಚ್ಚು ದಾಟಿ ಪ್ಲಗ್ಗಿಗೆ ಹೋಗುವ ಕಡೆಯಿಂದ ಎಳೆದಿದ್ದೆ. ಮೊದಲ ದಿನ ಮಿಕ್ಸಿಯ ಸ್ವಿಚ್ಚು ಹಾಕಿಯೇ ಇದ್ದುದರಿಂದ ಮಾನ ಉಳಿದಿತ್ತು, ಅಷ್ಟೇ. ಮಾರನೆಯ ಬೆಳಿಗ್ಗೆ ಚಟ್ನಿ ರುಬ್ಬಲು ಹೋದಾಗಲೂ ಬಲ್ಬು ಹತ್ತಿತು, ಅತ್ತೆ ಕೈಮುಗಿದರು.

ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. "ಇದು ಡಬಲ್ ಸೇಫ್ಟಿ ಅತ್ತೆ" ಎಂದೆ. "ಹೌದಾ, ಒಳ್ಳೇದಾಯ್ತು" ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡು ಇಷ್ಟು ವರ್ಷ ತಳ್ಳಿದೆ.

ಇವತ್ತು ಏನೂ ಹತ್ತದ ನಮ್ಮ ಮನೆಯಲ್ಲೂ ಮುಗಿದ ಆ ಕೈಗಳನ್ನು ನೋಡಿ ತಡೆಯಲಾಗಲಿಲ್ಲ. "ಅತ್ತೆ, ಅದು ಸೇಫ್ಟಿ ಅಲ್ಲ. ನಾನು ವೈರು ತಪ್ಪಾಗಿ ಕೊಟ್ಟಿದ್ದೆ" ಎಂದೆ.

ಅತ್ತೆ ಕಾಫಿ ಗುಟುಕರಿಸಿದರು. "ನಂಗೆ ಗೊತ್ತಿತ್ತು ಅಳಿಯಂದ್ರೆ. ನೀವು ಹೋದ ಮಾರನೇ ದಿನನೇ ಲೈಟಿನೋನು ಬಂದು ನೋಡಿ, ಐದು ನಿಮಿಷದ ಕೆಲ್ಸ, ಸರಿ ಮಾಡ್ತೀನಿ ಅಂದ. ಅಳಿಯಂದ್ರು ಬೇಕಂತ್ಲೇ ಹಾಗೆ ಮಾಡಿದ್ದು, ಮುಟ್ಟಬೇಡ ಅಂದೆ. ಮೇಷ್ಟ್ರಿಗೆ ವೈರು ಕೊಡಕ್ಕೆ ಬರಲ್ಲ ಅಂತ ಅವ್ನು ಊರೆಲ್ಲ ಹೇಳ್ಕೊಂಡು ಬಂದ್ರೆ?"

ಇಷ್ಟು ವರ್ಷ ಮಂಜುಗಣ್ಣಿನಲ್ಲಿ ಕತ್ತಲು ತಡವಿದ್ದು ನನ್ನ ಮಾನಕ್ಕಾಗಿ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿ ಉಕ್ಕಿತು. "ಭಾನುವಾರ ಬಂದು ನಾನೇ ಸರಿ ಮಾಡ್ತೀನಿ" ಎಂದೆ.

"ಬನ್ನಿ" ಎಂದರು. ಲೋಟ ಕೆಳಗಿಟ್ಟು, "ಲೈಟಿನೋನಿಗೂ ಹೇಳಿರ್ತೀನಿ. ಸುಮ್ನೆ ಪಕ್ಕದಲ್ಲಿ ನಿಂತಿರ್ಲಿ" ಎಂದರು.

ಅಷ್ಟರಲ್ಲಿ ಚಟ್ನಿ ಇನ್ನೂ ನುಣ್ಣಗಾಗಿಲ್ಲವೆಂದು ಒಳಗೆ ಸ್ವಿಚ್ಚು ಮತ್ತೆ ಟಕ್ ಎಂದಿತು. ಅತ್ತೆ ಕೈಮುಗಿದರು. ಈ ಸಲ ನಾನೂ ಮುಗಿದೆ. ಅವರ ಕಣ್ಣು ಮುಚ್ಚಿದ್ದರಿಂದ, ಯಾರಿಗೆ ಎಂದು ಹೇಳುವ ಕಷ್ಟ ತಪ್ಪಿತು.