ಅವರ ಕಣ್ಣಿನ ಹಳದಿ

ನನ್ನ ಗಂಡ ಯಲ್ಲಾಪುರದಿಂದ ಅಂಕೋಲಾ ಕಡೆಗೆ ಲಾರಿ ಓಡಿಸುತ್ತಿದ್ದರು. ಅವರ ತಂದೆ ಕುಡಿದು ಕುಡಿದೇ ಸತ್ತವರು. ಅದನ್ನು ಕಂಡು ಬೆಳೆದ ಇವರು ಒಂದು ಹನಿಯನ್ನೂ ಮುಟ್ಟಲಿಲ್ಲ. ಜೊತೆಯ ಡ್ರೈವರುಗಳು ಢಾಬಾದಲ್ಲಿ ಕುಡಿಯಲು ಕೂತರೆ ಇವರು ಲಾರಿಯಲ್ಲೇ ಕೂತು ಮನೆಯಿಂದ ಒಯ್ದ ಅವಲಕ್ಕಿ ತಿನ್ನುತ್ತಿದ್ದರು.

ಅರಬೈಲ್ ಘಟ್ಟದಲ್ಲಿ ಒಂದು ಮಧ್ಯಾಹ್ನ ಟಯರು ಬದಲಿಸುವಾಗ ತುಕ್ಕು ಹಿಡಿದ ರಿಮ್ಮು ತಾಗಿ ಮೊಣಕಾಲ ಕೆಳಗೆ ಗಾಯವಾಯಿತು. ಇಂಜೆಕ್ಷನ್ ಹಾಕಿಸಿಕೊಂಡು ಬಂದು, "ಎಂತದೂ ಆಗೂದಿಲ್ಲ, ಬರೀ ಗೀರಿದ್ದು" ಎಂದು ಮತ್ತೆ ಲಾರಿ ಹತ್ತಿದರು. ವಾರ ಕಳೆಯುವುದರೊಳಗೆ ಕಾಲು ಬಾತು ಕೆಂಪಾಯಿತು. ಹಲ್ಲು ಕಟಕಟಿಸುವ ಚಳಿಜ್ವರ ಬಂತು. ಮಾತು ತೊದಲತೊಡಗಿದಾಗ ಪಕ್ಕದ ಮನೆಯವರ ಕಾರಿನಲ್ಲಿ ಶಿರಸಿಯ ಆಸ್ಪತ್ರೆಗೆ ಕರೆದೊಯ್ದೆ. ನಂಜು ರಕ್ತಕ್ಕೇರಿದೆ ಎಂದು ಐಸಿಯುಗೆ ಸೇರಿಸಿದರು.

ಅಲ್ಲಿ ಅವರ ಕಣ್ಣು ಹಳದಿಯಾಯಿತು. ಸಿದ್ದಾಪುರದಿಂದ ಭಾವ, ನನ್ನ ಗಂಡನ ಅಣ್ಣ, ಬಂದರು. ಗಾಜಿನಾಚೆಯಿಂದ ತಮ್ಮನನ್ನು ನೋಡಿ ನನ್ನನ್ನು ಮೂಲೆಗೆ ಕರೆದರು.

"ಖರೇ ಹೇಳು ತಂಗಿ. ಅಪ್ಪನ ಕಣ್ಣೂ ಹಿಂಗೇ ಆಗಿತ್ತು. ಇವನೂ ಕದ್ದು ಕುಡೀತಿದ್ನಾ?"

ನನಗೆ ಮೈಯೆಲ್ಲ ಉರಿಯಿತು. ಅವರನ್ನು ನೇರವಾಗಿ ಐಸಿಯುವಿನ ಡಾಕ್ಟರಮ್ಮನ ಎದುರು ಕರೆದೊಯ್ದು ನಿಲ್ಲಿಸಿದೆ. "ಇವರಿಗೆ ನೀವೇ ಹೇಳಿ ಮೇಡಂ" ಎಂದೆ.

ಆಕೆ ತಾಳ್ಮೆಯಿಂದ ಹೇಳಿದರು. "ಇದು ಕುಡಿತದ್ದಲ್ಲ. ಲಿವರಿನಲ್ಲಿ ಕಾವಲು ಕಾಯುವಂಥ ಕಣಗಳಿರ್ತವೆ. ರಕ್ತದಲ್ಲಿ ಬಂದ ರೋಗಾಣುಗಳನ್ನ ಹಿಡಿದು ನುಂಗೂದು ಅವುಗಳ ಕೆಲಸ. ಈಗ ರೋಗಾಣು ವಿಪರೀತ ಆಗಿದ್ದಕ್ಕೆ ಅವು ಬೇರೆ ಬಿಳಿ ರಕ್ತಕಣಗಳನ್ನೂ ಕರೆಸಿವೆ. ಎಲ್ಲ ಸೇರಿ ಬಿಡುವ ರಾಸಾಯನಿಕದಿಂದ ಲಿವರಿಗೇ ಪೆಟ್ಟು ಬಿದ್ದಿದೆ. ಪಿತ್ತ ಹೊರಗೆ ಹೋಗದೆ ರಕ್ತದಲ್ಲೇ ಉಳೀತಾ ಇದೆ. ಹಳದಿ ಅದರದ್ದು."

"ಅಂದ್ರೆ ಅವನ ಮೈಯೇ ಅವನಿಗೆ ಹೊಡೀತದಾ?" ಎಂದರು ಭಾವ.

"ಉಳಿಸಲಿಕ್ಕೇ ಹೊರಟದ್ದು. ಹತೋಟಿ ತಪ್ಪಿತು."

"ಆ ಕಣಗಳನ್ನ ಸುಮ್ಮನಿರಿಸಲಿಕ್ಕೆ ಔಷಧಿ ಇಲ್ವಾ?" ಎಂದು ನಾನು ಕೇಳಿದೆ.

"ರೋಗಾಣು ಸಾಯಲಿಕ್ಕೆ ಕೊಡ್ತಾ ಇದ್ದೇವೆ. ಕಾಲಿನ ಕೀವನ್ನೂ ತೆಗೆದಾಯ್ತು. ಇದಕ್ಕೇ ಅಂತ ಔಷಧಿ ಇನ್ನೂ ಇಲ್ಲಮ್ಮಾ."

ಭಾವ ಬೆಂಚಿನ ಮೇಲೆ ಕೂತರು. ಆಮೇಲೆ ಅವರು ಊರಿಗೆ ಹೋಗಲಿಲ್ಲ.

ದಿನ ಕಳೆದಂತೆ ಸೂಜಿ ಚುಚ್ಚಿದಲ್ಲೆಲ್ಲ ರಕ್ತ ಜಿನುಗತೊಡಗಿತು. ರಕ್ತ ಹೆಪ್ಪುಗಟ್ಟಿಸುವ ಸತ್ವವನ್ನೂ ಲಿವರೇ ಮಾಡಬೇಕಂತೆ. ಕೊನೆಯ ಸಲ ಒಳಗೆ ಬಿಟ್ಟಾಗ ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಗುರುತು ಹಿಡಿಯಲಿಲ್ಲ. ಲಾರಿ ಓಡಿಸಿ ದಪ್ಪ ಚರ್ಮವಾಗಿದ್ದ ಆ ಅಂಗೈಯನ್ನು ಹಿಡಿದುಕೊಂಡೇ ನಿಂತೆ. ಮರುದಿನ ಬೆಳಿಗ್ಗೆ ತೀರಿಕೊಂಡರು.

ಮನೆಗೆ ಮಾತಾಡಿಸಲು ಬಂದವರಲ್ಲಿ ಒಬ್ಬಾಕೆ, "ಲಿವರ್ ಹೋಗಿತ್ತಂತೆ. ಡ್ರೈವರ್ ಅಲ್ವಾ" ಎಂದು ಪಕ್ಕದವಳಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಭಾವನಿಗೂ ಕೇಳಿಸಿತು. ಅವರು ಎದ್ದು ನಿಂತು, ತೊದಲುತ್ತ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಎಲ್ಲರಿಗೂ ಹೇಳತೊಡಗಿದರು. ಬಿಳಿ ರಕ್ತಕಣದ ಹತ್ತಿರ ಬರುವಾಗ ಮುಂದೆ ಹೇಳಲಾಗದೆ, ಎಲ್ಲರೆದುರು ಮಗುವಿನ ಹಾಗೆ ಅತ್ತರು. ಉಳಿದದ್ದನ್ನು ನಾನು ಹೇಳಿದೆ.