ಥಂಡಿ ದೇಶದ ಬಣ್ಣ

ನರ್ಸ್ ಕೆಲಸಕ್ಕೆ ನನಗೆ ಮಸ್ಕತ್ತಿನಿಂದಲೂ ಐರ್ಲೆಂಡಿನಿಂದಲೂ ಕರೆ ಬಂದಿತ್ತು. ಹಾವೇರಿಯ ಬಿಸಿಲಲ್ಲಿ ಬೆಳೆದವಳು, ಮಸ್ಕತ್ತೇ ಸಾಕೆಂದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಸೋದರಮಾವ ಒಪ್ಪಲಿಲ್ಲ.

"ಬಿಸಿಲಿಗೆ ಕಪ್ಪಾದ್ರ ನಿನ್ನ ಯಾರು ಮಾಡ್ಕೋತಾರ? ಬಣ್ಣ ಹೋಗಬಾರ್ದಂತ ನಾವು ಮೆಣಸಿನಕಾಯಿನೂ ಕೋಲ್ಡ್ ಸ್ಟೋರೇಜಿನಾಗ ಇಡ್ತೇವಿ. ಥಂಡಿ ದೇಶಕ್ಕ ಹೋಗವಾ."

ಮನೆಯವರೆಲ್ಲ ತಲೆಯಾಡಿಸಿದರು. ಹೋದೆ. ಅಲ್ಲಿ ಚಳಿಗಾಲದಲ್ಲಿ ಸಂಜೆಗೆ ಮೊದಲೇ ಕತ್ತಲೆ. ಹೀಟರಿನ ಮೇಲೆ ಹರವಿದ ಬಟ್ಟೆ ಹಸಿ ವಾಸನೆ ಹೊಡೆಯುತ್ತಿತ್ತು, ಕೈ ಬಿರಿದು ರಕ್ತ ಬರುತ್ತಿತ್ತು. ಬಣ್ಣಕ್ಕಾಗಿ ವರ್ಷಗಟ್ಟಲೆ ತಾಳಿಕೊಂಡೆ.

ಈ ಸಲ ಊರಿಗೆ ಬಂದಾಗ ರಾಣೆಬೆನ್ನೂರಿನಿಂದ ಗಂಡಿನ ಕಡೆಯವರು ಬಂದು ನೋಡಿ ಹೋದರು. ಅವರ ಉತ್ತರವನ್ನು ಮಾವನೇ ತಂದ, ಅಂಗಡಿಯಲ್ಲಿ ದರ ಹೇಳುವ ದನಿಯಲ್ಲೇ ಹೇಳಿದ.

"ವಯಸ್ಸಾತಂತ. ಬಣ್ಣ ಇದ್ರೂ ಹಳೇ ಮಾಲಿಗೆ ದರ ಕಡಿಮಿನವಾ."