ಒಬ್ಬರು ಬರಬೇಕು
ಅಮೆರಿಕದ ಅಯೋವಾ ರಾಜ್ಯದ ಊರೂರಿಗೂ ಒಬ್ಬರಿರುತ್ತಾರೆ, ಗೆಲ್ಲದ ಅಭ್ಯರ್ಥಿಯನ್ನೇ ಹುಡುಕಿ ಹಿಡಿಯುವವರು. ನಮ್ಮೂರಿಗೆ ಮಾರ್ಲಿಸ್ ಟ್ಯಾಡನ್. ಅಧ್ಯಕ್ಷ ಪದವಿಗೆ ಪಕ್ಷದ ಹುರಿಯಾಳು ಯಾರೆಂದು ತೀರ್ಮಾನಿಸಲು ನಾಲ್ಕು ವರ್ಷಕ್ಕೊಮ್ಮೆ ಊರಲ್ಲಿರುವ ಪಕ್ಷದವರೆಲ್ಲ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಸೇರಿ, ತಮಗೆ ಬೇಕಾದವನ ಮೂಲೆಯಲ್ಲಿ ನಿಲ್ಲುತ್ತಾರೆ. ನೂರಕ್ಕೆ ಹದಿನೈದು ತಲೆ ಇಲ್ಲದ ಮೂಲೆಯವರು ಚದುರಿ ಬೇರೆ ಮೂಲೆ ಸೇರಬೇಕು. ಮಾರ್ಲಿಸಳ ಮೂಲೆ ಪ್ರತಿ ಸಲವೂ ಚದುರುತ್ತದೆ. ರಾಜಧಾನಿಯಲ್ಲಿ ಯಾರೂ ಹೆಸರು ಕೇಳದ ಯಾವನೋ ಅವಳ ಅಡುಗೆಮನೆಯಲ್ಲಿ ಕೂತು ಎರಡು ತುಂಡು ನಿಂಬೆ ಕೇಕ್ ತಿಂದನೆಂದರೆ ಸಾಕು, ಹಳೆಯ ಫಲಕದ ಮೇಲೆ ಅವನ ಹೆಸರು ಅಂಟಿಸುತ್ತಾಳೆ. ಎಂಟು ಹೆಸರು ಕೂಡಿ ಅದೀಗ ಮಣೆಯಷ್ಟು ದಪ್ಪ. "ಈ ಸಲ ನೋಡ್ತಿರಿ!" ಎನ್ನುತ್ತಾಳೆ. "ಮಾರ್ಲಿಸಕ್ಕಾ, ನೀನು ಕೈ ಹಿಡಿದವ್ನು ಮುಳುಗ್ದ ಅಂತಾನೇ ಲೆಕ್ಕ. ನಮ್ಮ ಎದುರು ಪಕ್ಷದವ್ರನ್ನೂ ಒಂದ್ಸಲ ಹಿಡೀಬಾರ್ದಾ?" ಎಂದು ಪಕ್ಕದ ಮನೆಯ ಡ್ವೇನ್ ಬಾಯಿ ತುಂಬಿಕೊಂಡೇ ಎದುರು ಮೂಲೆಯಿಂದ ಕೂಗುತ್ತಾನೆ. "ಬಾಯಲ್ಲಿರೋ ಕೇಕ್ ನಂದು, ಮೊದ್ಲು ಅದನ್ನ ನುಂಗೋ" ಎನ್ನುತ್ತಾಳೆ ಇವಳು. ಒಮ್ಮೆ ಮಾತ್ರ ನೂರು ಜನರಲ್ಲಿ ಹದಿನಾಲ್ಕು ಮಂದಿ ಅವಳ ಕಡೆ ನಿಂತಿದ್ದರು. ಬೇಕಾಗಿದ್ದದ್ದು ಇನ್ನೊಬ್ಬರು. ಗಂಡ ಓರ್ವಿಲ್ ಎಂದಿನಂತೆ ಗೆಲ್ಲುವವನ ಮೂಲೆಯಲ್ಲಿ, ತನ್ನ ಬೂಟಿಗಂಟಿದ ಹಿಮ ಕರಗುವುದನ್ನು ನೋಡುತ್ತ ನಿಂತಿದ್ದ. ಅವಳು ಕರೆಯಲಿಲ್ಲ, ಅವನು ಬರಲಿಲ್ಲ. ಅವನು ಸತ್ತು ಈಗ ಆರು ವರ್ಷ. ಎಣಿಸುವವರು ಒತ್ತಾಗಿ ನಿಲ್ಲಿ ಎಂದರೆ ಮಾರ್ಲಿಸ್ ಇಂದಿಗೂ ತನ್ನ ಎಡಕ್ಕೆ ಒಂದು ಹೆಜ್ಜೆ ಜಾಗ ಬಿಟ್ಟೇ ನಿಲ್ಲುತ್ತಾಳೆ. "ಅದು ಹಾಗೇ ಇರ್ಲಿ, ಒಬ್ಬರು ಬರ್ಬೇಕು."